ಕುಂಕುಮ ಕಪ್ಪಾದದ್ದೇಕೆ?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯ ಹಳೆಯ ಮನೆಗಳಲ್ಲಿ ಗೋಡೆಗೆ ತೂಗುಹಾಕಿದ ಮುತ್ತಜ್ಜಿಯರ ಭಾವಚಿತ್ರಗಳನ್ನು ನೀವು ಗಮನಿಸಿರಬಹುದು. ಕೆಲವು ಚಿತ್ರಗಳಲ್ಲಿ ಹಣೆಯ ಕುಂಕುಮ ಇದ್ದಿಲಿನಂತೆ ಕಪ್ಪು. ಎಲೆ-ಅಡಿಕೆಯಿಂದ ಕೆಂಪೇರಿದ ತುಟಿಯೂ ಕಪ್ಪು. ಚಿತ್ರ ಹಳೆಯದಾಗಿ ಹೀಗಾಗಿದೆ ಎಂದುಕೊಳ್ಳುತ್ತೇವೆ. ಆದರೆ ಹಳೆಯ ಚಿತ್ರಗಳು ಸಾಮಾನ್ಯವಾಗಿ ಮಾಸುತ್ತವೆಯೇ ಹೊರತು ಕಪ್ಪೇರುವುದಿಲ್ಲ. ಕಾರಣ ಬೇರೆಯೇ ಇದೆ. ಅದರ ಬಿಸಿ ಹೆಚ್ಚಾಗಿ ತಟ್ಟಿದ್ದು ಮುಖವನ್ನೇ ನಂಬಿ ಬದುಕುವ ನಟಿಯರಿಗೆ.

ಇದು ಕಂಪನಿ ನಾಟಕಗಳ ಸೀಮೆ. ಸವದತ್ತಿ ತಾಲ್ಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿದ ಏಣಗಿ ಬಾಳಪ್ಪನವರು ಎಳೆಯ ಪ್ರಾಯದಲ್ಲಿ ಸ್ತ್ರೀಪಾತ್ರಗಳನ್ನೇ ಮಾಡುತ್ತಿದ್ದರು. ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡುವ ಕಾಲ ಬಂದ ಮೇಲೆ ನಟಿಯ ಭಾವಚಿತ್ರಕ್ಕೂ ಬೆಲೆ ಬಂತು. ಬೀಳಗಿಯ ಸಹೋದರಿಯರಾದ ಗೋಹರಬಾಯಿ ಮತ್ತು ಅಮೀರಬಾಯಿ ಕರ್ನಾಟಕಿ ಸಿನಿಮಾಕ್ಕೂ ಹೋದರು. ಅಲ್ಲಂತೂ ಮುಖವನ್ನು ಅಳೆಯುತ್ತಿದ್ದುದು ಕಣ್ಣಲ್ಲ, ಫಿಲ್ಮು.

ಆ ಫಿಲ್ಮಿಗೆ ಬಣ್ಣಗುರುಡಿತ್ತು. ಛಾಯಾಫಲಕದ ಮೇಲಿನ ಬೆಳ್ಳಿಯ ಬ್ರೋಮೈಡ್ ಹರಳಿನಲ್ಲಿ ಒಂದು ಇಲೆಕ್ಟ್ರಾನ್ ಬಿಡುಗಡೆಯಾಗಬೇಕಾದರೆ ಫೋಟಾನಿಗೆ ಸುಮಾರು 2.6 ಇಲೆಕ್ಟ್ರಾನ್ ವೋಲ್ಟ್ ಶಕ್ತಿ ಇರಬೇಕು. ನೇರಿಳೆ, ನೀಲಿ ಬೆಳಕಿಗೆ ಅಷ್ಟು ಶಕ್ತಿಯಿದೆ. ಹಸಿರು, ಹಳದಿ, ಕೆಂಪಿಗೆ ಇಲ್ಲ. 1873ರಲ್ಲಿ ಜರ್ಮನಿಯ ಹೆರ್ಮನ್ ಫೋಗೆಲ್ ಎಂಬ ವಿಜ್ಞಾನಿ ಕೆಲವು ವರ್ಣದ್ರವ್ಯಗಳನ್ನು ಬೆರೆಸಿದರೆ ಫಲಕ ಹಸಿರನ್ನೂ ಗ್ರಹಿಸುತ್ತದೆಂದು ಕಂಡುಹಿಡಿದ. ಇದರಿಂದ ಬಂದ ಆರ್ಥೊಕ್ರೊಮ್ಯಾಟಿಕ್ ಫಲಕಕ್ಕೂ ಕೆಂಪು ಮಾತ್ರ ಕತ್ತಲೆಯೇ. ಕುಂಕುಮ ಚೆಲ್ಲುವುದು ಕೆಂಪು ಬೆಳಕನ್ನು. ಕಪ್ಪಾಗದೆ ಇನ್ನೇನಾದೀತು?

ಅರಿಷಿಣದ ಗತಿಯನ್ನೂ ನೋಡಿ. ಸವದತ್ತಿ ಎಲ್ಲಮ್ಮನ ಗುಡ್ಡದ ಭಂಡಾರ ಕಣ್ಣಿಗೆ ಹೊಳೆಯುತ್ತದೆ. ಆದರೆ ಅರಿಷಿಣದಲ್ಲಿರುವ ಕರ್ಕ್ಯುಮಿನ್ ನೀಲಿಯನ್ನು ಹೀರಿಕೊಳ್ಳುತ್ತದೆ. ಮುಖ ಬೆಳಗಲೆಂದು ಅರಿಷಿಣ ಹಚ್ಚಿಕೊಂಡು ನೀಲಿಗಷ್ಟೇ ಸ್ಪಂದಿಸುವ ಸಾದಾ ಫಲಕದ ಮುಂದೆ ಕುಳಿತವಳ ಮುಖ ಇನ್ನಷ್ಟು ಕಂದಿ ಬರುತ್ತದೆ! ಚರ್ಮದ ಮೆಲನಿನ್ ಕೂಡ ಕೆಂಪಿಗಿಂತ ನೀಲಿಯನ್ನು ಹೆಚ್ಚು ಹೀರುತ್ತದೆ. ಹಾಗಾಗಿ ಎಣ್ಣೆಗೆಂಪು ಮೈಬಣ್ಣದ ಹೆಂಗಸು ಇದ್ದದ್ದಕ್ಕಿಂತ ಕಪ್ಪಾಗಿ ಮೂಡುತ್ತಿದ್ದಳು. ಮೊಡವೆಯ ಕಲೆ ಎದ್ದು ಕಾಣುತ್ತಿತ್ತು. ತಪ್ಪು ಫಲಕದ್ದು, ಮಾತು ಕೇಳಬೇಕಾದದ್ದು ಅವಳು. ಬಣ್ಣದ ಪೆಟ್ಟಿಗೆಯ ಸಫೇದಾ, ಅಂದರೆ ಸತುವಿನ ಆಕ್ಸೈಡಿನ ಬಿಳಿಪುಡಿ, ಮುಖಕ್ಕೆ ದಪ್ಪವಾಗಿ ಏರಲು ರಂಗದ ಮಂದ ದೀಪದಂತೆ ಇದೂ ಒಂದು ಕಾರಣವೆಂದು ನನ್ನ ಎಣಿಕೆ.

ಕೆಂಪನ್ನೂ ಗ್ರಹಿಸುವ ಪ್ಯಾನ್‌ಕ್ರೊಮ್ಯಾಟಿಕ್ ಫಲಕಗಳು 1906ರಲ್ಲಿ ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂದವು. ಸಿನಿಮಾ ಅದನ್ನು ಒಪ್ಪಿಕೊಂಡದ್ದು 1920ರ ದಶಕದಲ್ಲಿ. 1928ರಲ್ಲಿ ಹಾಲಿವುಡ್‌ನ ಮ್ಯಾಕ್ಸ್ ಫ್ಯಾಕ್ಟರ್ ಹೊಸ ಫಿಲ್ಮಿಗೆ ತಕ್ಕ ಹೊಸ ಪ್ರಸಾಧನವನ್ನೇ ರೂಪಿಸಬೇಕಾಯಿತು. ಕಿತ್ತೂರಿನ ರಾಣಿಯಾಗಿ ಬಿ. ಸರೋಜಾದೇವಿ ನಟಿಸಿದ 1961ರ 'ಕಿತ್ತೂರು ಚೆನ್ನಮ್ಮ' ಕಪ್ಪು-ಬಿಳುಪಿನದೇ. ಇಂಥ ಫಿಲ್ಮಿನಲ್ಲಿ ಕೆಂಪು ಸೆರಗೂ ಹಸಿರು ಒಡಲೂ ಒಂದೇ ಬೂದು ಆಗಿಬಿಡಬಹುದು. ರಾಮದುರ್ಗದ ನೇಕಾರ ಕಂಡರೆ ಎಷ್ಟು ನೊಂದುಕೊಂಡಾನು! ವರ್ಣಚಿತ್ರ ಬಂದ ಮೇಲೂ ಪಕ್ಷಪಾತ ಹೋಗಲಿಲ್ಲ. ಕೊಡಾಕ್ ಕಂಪನಿ ಮುದ್ರಣದ ಬಣ್ಣ ಸರಿಹೊಂದಿಸಲು 1950ರ ದಶಕದಿಂದ ಕಳಿಸುತ್ತಿದ್ದ 'ಶರ್ಲಿ' ಎಂಬ ಮಾದರಿ ಚಿತ್ರದಲ್ಲಿದ್ದುದು ಬಿಳಿಚರ್ಮದ ಯುವತಿ.

ಇಂದು ಬೈಲಹೊಂಗಲದ ಹುಡುಗಿಯೊಬ್ಬಳು ಧಾರಾವಾಹಿಯ ಪಾತ್ರಕ್ಕೆ ಚಿತ್ರ ಕಳಿಸುತ್ತಾಳೆ. ನಿಮ್ಮ ಮನೆಯವಳೇ ಇರಬಹುದು. ಈಗಿನ ಸಂವೇದಕ ಕೆಂಪನ್ನು ಚೆನ್ನಾಗಿಯೇ ಗ್ರಹಿಸುತ್ತದೆ. ಕುಂಕುಮ ಅಳಿಸಬೇಕಿಲ್ಲ, ಮುಖ ಬಿಳಿಚಿಸಬೇಕಿಲ್ಲ. ಸತು ಅಥವಾ ಟೈಟಾನಿಯಂ ಆಕ್ಸೈಡ್ ಇರುವ ಪೌಡರ್ ಮೆತ್ತಿಕೊಂಡು ಫ್ಲ್ಯಾಶ್ ಹೊಡೆಸಿದರೆ ಮುಖ ಸುಣ್ಣ ಬಳಿದಂತಾದೀತು. ಮೊಬೈಲ್ ತಾನಾಗಿ ಚರ್ಮವನ್ನು ನುಣುಪು ಮಾಡುವ ಸೌಲಭ್ಯವನ್ನು ಆರಿಸಿಬಿಡಿ. ನಿರ್ದೇಶಕರಿಗೆ ಬೇಕಾದದ್ದು ಬಾಗಿಲು ದೂಡಿ ಒಳಬರುವ ಅದೇ ಮುಖ. ಬಿಸಿಲು ನೇರ ಬೀಳದ ಕಿಟಕಿಯ ಬಳಿ ಕೂರಿಸಿ, ಕೋಣೆಯ ಹಳದಿ ಬಲ್ಬು ಆರಿಸಿ, ಇಲ್ಲವಾದರೆ ಎರಡು ಬಗೆಯ ಬೆಳಕು ಬೆರೆತು ಒಂದು ಕೆನ್ನೆ ನೀಲಿ, ಇನ್ನೊಂದು ಹಳದಿ.

ಇನ್ನು ದೂರ. ಮೂಗಿನ ತುದಿಯಿಂದ ಕಿವಿ ಸುಮಾರು 12 ಸೆಂ.ಮೀ. ಹಿಂದಿದೆ ಎನ್ನಿ. ಕ್ಯಾಮರಾ ಮೂಗಿನಿಂದ 40 ಸೆಂ.ಮೀ. ದೂರವಿದ್ದರೆ ಕಿವಿಗೆ ಹೋಲಿಸಿದಾಗ ಮೂಗು 52/40, ಅಂದರೆ ಶೇಕಡಾ 30 ದೊಡ್ಡದಾಗಿ ಮೂಡುತ್ತದೆ. ಒಂದೂವರೆ ಮೀಟರಿಗೆ ಸರಿದರೆ ಶೇಕಡಾ 8 ಮಾತ್ರ. ಆದ್ದರಿಂದ ಸೆಲ್ಫಿ ಬೇಡ. ಮೊಬೈಲನ್ನು ಇನ್ನೊಬ್ಬರ ಕೈಗೆ ಕೊಟ್ಟು ಅಷ್ಟು ದೂರ ನಿಲ್ಲಿಸಿ.