ಅಗ್ಗ

ಸಂತೆಯಲ್ಲಿ ‘ಅಗ್ಗ, ಅಗ್ಗ’ ಎಂಬ ಕೂಗು ಕಿವಿಗೆ ಬಿದ್ದರೆ ಕಾಲು ತಾನಾಗಿ ನಿಲ್ಲುತ್ತದೆ. ಆದರೆ ಈ ಪದ ಹುಟ್ಟಿದಾಗ ಅದಕ್ಕೆ ಕಡಿಮೆ ಬೆಲೆಯೆಂಬ ಅರ್ಥವಿರಲಿಲ್ಲ. ಮೂಲವಾದ ಸಂಸ್ಕೃತದ ‘ಅರ್ಘ’ ಎಂದರೆ ಬರೀ ಬೆಲೆ. ಹೆಚ್ಚೂ ಅಲ್ಲ, ಕಮ್ಮಿಯೂ ಅಲ್ಲ. ಕನ್ನಡದ ನಾಲಿಗೆಯಲ್ಲಿ ‘ಅಗ್ಗ’ವಾದ ಮೇಲೆ ಅದು ಇಳಿದ ಬೆಲೆಗೇ ಅಂಟಿಕೊಂಡಿತು. ಅದೇ ಬೇರಿನ ‘ಮಹಾರ್ಘ’ ಹಿಂದಿಯಲ್ಲಿ ‘ಮಹಂಗಾ’ ಆಗಿ ದುಬಾರಿಯ ಕಡೆಗೆ ಹೋಯಿತು. ಬೆಲೆ ಕಟ್ಟಲಾಗದ ರತ್ನವನ್ನು ‘ಅನರ್ಘ್ಯ’ ಎನ್ನುತ್ತೇವಲ್ಲ, ಅದೂ ಇದೇ ಮನೆತನದ್ದು.

ಅರ್ಘ ನಿಂತಲ್ಲಿ ನಿಲ್ಲದು ಎಂಬುದು ಹಳಬರಿಗೆ ಚೆನ್ನಾಗಿ ಗೊತ್ತಿತ್ತು. ಸರಕು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ, ಎಷ್ಟು ಕಾಲ ದಾಸ್ತಾನಿತ್ತು ಎಂಬುದನ್ನೆಲ್ಲ ನೋಡಿ ಐದು ದಿನಕ್ಕೊಮ್ಮೆ ಇಲ್ಲವೇ ಪಕ್ಷಕ್ಕೊಮ್ಮೆ ಅರ್ಘ ಗೊತ್ತುಮಾಡಬೇಕೆಂದು ಮನುಸ್ಮೃತಿ ಅರಸನಿಗೆ ಹೇಳುತ್ತದೆ. 6ನೇ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ‘ಅರ್ಘಕಾಂಡ’ ಎಂಬ ಅಧ್ಯಾಯವನ್ನೇ ಇಟ್ಟಿದ್ದಾನೆ. ಆಕಾಶದ ಲಕ್ಷಣ ನೋಡಿ ಏನನ್ನು ಕೂಡಿಡಬೇಕು, ಎಷ್ಟು ತಿಂಗಳಿಗೆ ಮಾರಿದರೆ ಲಾಭ ಎಂಬ ಲೆಕ್ಕ ಅಲ್ಲಿದೆ. ಗ್ರಹಗಳ ಮಾತು ಹಾಗಿರಲಿ, ಮುಂದೆ ಬೆಲೆ ಏರುತ್ತದೆಂದು ಕೂಡಿಟ್ಟಾಗಲೇ ಇಂದಿನ ಬೆಲೆಯೂ ಏರುತ್ತದೆ. ಅದು ಈಗಲೂ ನಿಜ.

2023ರ ಜುಲೈಯಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತು. ಬೇಡಿಕೆಯೇನೂ ಹೆಚ್ಚಿರಲಿಲ್ಲ, ಎಲೆಸುರುಳಿ ರೋಗ ಬಡಿದು ತೋಟಗಳಲ್ಲಿ ಕಾಯಿಯೇ ಇರಲಿಲ್ಲ. ಎಷ್ಟೋ ಮನೆಗಳಲ್ಲಿ ಸಾರಿಗೆ ಹುಣಸೆಹಣ್ಣನ್ನೇ ಹೆಚ್ಚು ಹಿಂಡಿಕೊಂಡರು. ಬೆಳೆ ಇದ್ದಾಗ ಬೆಲೆ ಇಲ್ಲ, ಬೆಲೆ ಇದ್ದಾಗ ಬೆಳೆ ಇಲ್ಲ ಎನ್ನುವ ನಮ್ಮ ರೈತರ ಮಾತು ಪೂರೈಕೆಯ ಪಾಠವನ್ನು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತದೆ.

ಆ ತಿಂಗಳು ದೇಶದ ಚಿಲ್ಲರೆ ಹಣದುಬ್ಬರ ಶೇ. 7.44. ‘ಹಣದುಬ್ಬರ’ ಎಂಬ ಪದವೇ ಉಬ್ಬಿದ್ದು ಹಣ ಎನ್ನುತ್ತದೆ. ಜನರ ಕೈಯಲ್ಲಿ ದುಡ್ಡು ಹೆಚ್ಚಿ, ಸರಕು ಇದ್ದಷ್ಟೇ ಇದ್ದರೆ ಬೆಲೆ ಏರುವುದು ಹೌದು. ಅಂಥ ಬೇಡಿಕೆಯನ್ನು ರಿಸರ್ವ್ ಬ್ಯಾಂಕ್ ಬಡ್ಡಿ ಏರಿಸಿ ತಗ್ಗಿಸಬಹುದು. ಆದರೆ ಬಡ್ಡಿ ಏರಿಸಿದ ಮಾತ್ರಕ್ಕೆ ಟೊಮೆಟೊ ಗಿಡ ಕಾಯಿ ಬಿಡುವುದಿಲ್ಲ. ಆಗಸ್ಟಿನಲ್ಲಿ ಬ್ಯಾಂಕು ತನ್ನ ಸಾಲದ ಬಡ್ಡಿಯಾದ ರೆಪೋ ದರವನ್ನು ಶೇ. 6.5ರಲ್ಲೇ ಉಳಿಸಿದ್ದು ನನ್ನ ಮಟ್ಟಿಗೆ ಸರಿಯಾದ ತೀರ್ಮಾನ.

ಇನ್ನೊಂದು ತೊಡಕೂ ಇದೆ. ಕಡಲಿನ ಉಬ್ಬರ ಇಳಿದರೆ ನೀರು ಹಿಂದೆ ಸರಿಯುತ್ತದೆ. ಹಣದುಬ್ಬರ ಇಳಿದರೆ ಬೆಲೆ ಹಿಂದೆ ಸರಿಯುವುದಿಲ್ಲ, ಏರುವ ವೇಗ ತಗ್ಗುತ್ತದೆ ಅಷ್ಟೇ. ಸೆಪ್ಟೆಂಬರಿನಲ್ಲಿ ಅದು ಶೇ. 5.02ಕ್ಕೆ ಬಂತು. ಅಂದರೆ ಹಿಂದಿನ ಸೆಪ್ಟೆಂಬರಿನಲ್ಲಿ 100 ರೂಪಾಯಿಗೆ ತುಂಬುತ್ತಿದ್ದ ಚೀಲಕ್ಕೆ ಆಗ 105 ರೂಪಾಯಿ. ಅದನ್ನು ಯಾರೂ ಅಗ್ಗ ಎನ್ನಲಿಲ್ಲ.