ನೀಲಿ ಚುಕ್ಕೆ ಮತ್ತು ಪರಂಗಿಮಲೆ

ನಕ್ಷೆ ಬಿಡಿಸಿ ಕೂತವನಿಗೆ ಹಿಂದೆ ಎರಡು ಪ್ರಶ್ನೆ ಬಗೆಹರಿಯಬೇಕಿತ್ತು. ಉತ್ತರ ದಿಕ್ಕು ಎತ್ತ? ನಾನೀಗ ಎಲ್ಲಿದ್ದೇನೆ? 2007ರ ನವೆಂಬರಿನಲ್ಲಿ ಗೂಗಲ್‌ನ ಮೊಬೈಲ್ ನಕ್ಷೆಗೆ ನೀಲಿ ಚುಕ್ಕೆ ಬಂತು. ಎರಡನೆಯ ಪ್ರಶ್ನೆ ಹೋಯಿತು. ಜಿಪಿಎಸ್ ಇಲ್ಲದ ಫೋನಿನಲ್ಲೂ ಹತ್ತಿರದ ಟವರ್ ನೋಡಿ ಅಂದಾಜು ಜಾಗ ತೋರಿಸುತ್ತಿತ್ತು. ಮುಂದೆ ನಾವು ತಿರುಗಿದತ್ತ ನಕ್ಷೆಯೇ ತಿರುಗತೊಡಗಿತು. ಮೊದಲನೆಯ ಪ್ರಶ್ನೆಯೂ ಹೋಯಿತು.

ಹಾಗೆಂದು ಕಲಿತವರು ನಾವಷ್ಟೇ ಅಲ್ಲ. ನಮ್ಮೂರುಗಳಲ್ಲಿ ರಸ್ತೆಯ ಹೆಸರು ಫಲಕದ ಮೇಲಿರುತ್ತದೆ, ಬಾಯಲ್ಲಿರುವುದಿಲ್ಲ. ಪೆಟ್ರೋಲ್ ಬಂಕ್ ದಾಟಿ ಎಡಕ್ಕೆ, ದೇವಸ್ಥಾನದ ಎದುರಿಗೆ ಎಂದೇ ನಾವು ದಾರಿ ಹೇಳುವುದು. 2009ರ ಡಿಸೆಂಬರಿನಲ್ಲಿ ಗೂಗಲ್ ಭಾರತದ ದಾರಿ ಸೂಚನೆಗಳಿಗೆ ಇಂಥ ಗುರುತುಗಳನ್ನು ಸೇರಿಸಿತು. ಬಳಸುವವರ ರೂಢಿ ನೋಡಿ ತಂತ್ರಾಂಶ ತಿದ್ದಿದ ಇಷ್ಟು ಚೆಂದದ ಉದಾಹರಣೆ ನನ್ನ ವೃತ್ತಿಯಲ್ಲಿ ಹೆಚ್ಚು ಕಂಡಿಲ್ಲ. ನಾನು ಮಾತ್ರ ಆ ಗುರುತುಗಳನ್ನು ಓದುತ್ತಲೇ ಇರಲಿಲ್ಲ. ಬಾಣ ತೋರಿಸಿದತ್ತ ಬೈಕ್ ಓಡಿಸುತ್ತಿದ್ದೆ.

2015ರ ಡಿಸೆಂಬರಿನ ಚೆನ್ನೈ ಮಳೆಯಲ್ಲಿ ತರಮಣಿಯ ಆಫೀಸಿನಲ್ಲಿ ಸಿಕ್ಕಿಕೊಂಡೆ. ಹೆಂಡತಿ, ಎರಡು ವರ್ಷದ ಮಗಳು ಆದಂಬಾಕ್ಕಂನ ಮನೆಯಲ್ಲಿ. ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ, ಫೋನ್ ಸತ್ತಿದೆ. ಮೂರನೇ ದಿನ ನಡೆದೇ ಹೊರಟೆ. ದಿನದ ದಾರಿ ನೀರಿನಲ್ಲಿತ್ತು. ಮೂರು ವರ್ಷ ಆ ಊರಲ್ಲಿದ್ದೂ ಇನ್ನೊಂದು ದಾರಿ ಗೊತ್ತಿರಲಿಲ್ಲ. ಟೀ ಅಂಗಡಿಯವರನ್ನು ಕೇಳಿದೆ. "ಪರಕ್ಕುಂ ರೈಲಿನ ಕಂಬಗಳನ್ನೇ ಹಿಡಿದು ವೇಳಚೇರಿಗೆ ಹೋಗಿ ಸಾರ್. ಆಮೇಲೆ ಪರಂಗಿಮಲೆ ಎತ್ತ ಅಂತ ಕೇಳುತ್ತಾ ನಡೀರಿ" ಎಂದರು. ಚೆನ್ನೈಯವರು ಕಂಬಗಳ ಮೇಲೆ ಓಡುವ ರೈಲನ್ನು ಹಾರುವ ರೈಲು ಎನ್ನುತ್ತಾರೆ.

ಪರಂಗಿಮಲೆ ಎಂದರೆ ಸೇಂಟ್ ಥಾಮಸ್ ಮೌಂಟ್. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಅದರ ಬಳಿಯ ಬಯಲಿನಲ್ಲಿ 100 ಅಡಿಯ ಉಕ್ಕಿನ ಸರಪಳಿ ಹಾಸಿ, ಸುಮಾರು 12 ಕಿ.ಮೀ. ಉದ್ದದ ಗೆರೆಯೊಂದನ್ನು 57 ದಿನ ಅಳೆದ. ಆ ಗೆರೆಯಿಂದ ಹೊರಟ ತ್ರಿಕೋನಗಳು ಮೈಸೂರು ಸೀಮೆ ದಾಟಿ ಮಂಗಳೂರಿನ ಕಡಲವರೆಗೆ ಹೋದವು. ಅವನ ನಂತರದವರು ಹಿಮಾಲಯ ಮುಟ್ಟಿಸಿದರು. ಇದೆಲ್ಲ ಓದಿದ್ದೆ. ಆ ಬೆಟ್ಟ ನನ್ನ ಮನೆಯಿಂದ ಯಾವ ದಿಕ್ಕಿಗಿದೆ ಎಂದು ಮಾತ್ರ ತಿಳಿದಿರಲಿಲ್ಲ.

ಮೊಣಕಾಲುದ್ದ ನೀರಿನಲ್ಲಿ, ಕೇಳುತ್ತಾ ಕೇಳುತ್ತಾ, ಸಂಜೆಯ ಹೊತ್ತಿಗೆ ಮನೆ ಸೇರಿದೆ.

ಈಗ ಮಗಳ ಫೋನಿನ ನಕ್ಷೆಯಲ್ಲಿ ಉತ್ತರ ಮೇಲಕ್ಕೇ ಇರುವಂತೆ ಮಾಡಿಕೊಡುತ್ತೇನೆ. "ಅಪ್ಪಾ, ಇದು ಉಲ್ಟಾ ಕಾಣುತ್ತೆ" ಎಂದು ಅವಳು ಎರಡೇ ನಿಮಿಷದಲ್ಲಿ ಬದಲಾಯಿಸಿಬಿಡುತ್ತಾಳೆ.