ಕಾಫಿಯ ಎಲೆ ತುಕ್ಕು ರೋಗ

ಕಾಫಿ ಗಿಡದ ಎಲೆಗಳ ಅಡಿಯಲ್ಲಿ ಕಿತ್ತಳೆ ಬಣ್ಣದ ಹುಡಿಯಾಗಿ ಕಾಣಿಸಿಕೊಂಡು, ಅವನ್ನು ಅಕಾಲದಲ್ಲಿ ಉದುರಿಸಿ, ದಟ್ಟವಾಗಿ ಹಬ್ಬಿದ ಗಿಡವನ್ನು ಬರಿಯ ರೆಂಬೆಗಳ ಕಟ್ಟನ್ನಾಗಿ ಉಳಿಸುವ ಶಿಲೀಂಧ್ರಜನ್ಯ ವ್ಯಾಧಿ. ಇದಕ್ಕೆ ಕಾರಣವಾದ ಶಿಲೀಂಧ್ರಕ್ಕೆ ಹೆಮಿಲಿಯ ವಾಸ್ಟಾಟ್ರಿಕ್ಸ್ ಎಂದು ಹೆಸರು. ಗ್ರೀಕ್ ಮೂಲದ ಹೆಮಿಲಿಯ ಪದಕ್ಕೆ ಅರ್ಧ ನುಣುಪಾದುದು ಎಂದರ್ಥ. ಮೂತ್ರಪಿಂಡದ ಆಕೃತಿಯ ಬೀಜಾಣುವಿನ ಉಬ್ಬಿದ ಬೆನ್ನು ಮುಳ್ಳುಮುಳ್ಳಾಗಿದ್ದು ಹೊಟ್ಟೆಯ ಭಾಗ ನಯವಾಗಿರುವುದರಿಂದ ಆ ಹೆಸರು ಬಂದಿತು. ವಾಸ್ಟಾಟ್ರಿಕ್ಸ್ ಎಂದರೆ ಲ್ಯಾಟಿನ್ನಿನಲ್ಲಿ ಹಾಳುಗೆಡಹುವವಳು. ಹೆಸರಿಡುವಾಗ ಸಸ್ಯಶಾಸ್ತ್ರಜ್ಞರು ಸಾಮಾನ್ಯವಾಗಿ ಉದ್ವೇಗಕ್ಕೆ ಎಡೆಗೊಡುವವರಲ್ಲ. ಈ ಒಂದು ಸಂದರ್ಭದಲ್ಲಿ ಅವರಿಟ್ಟ ಹೆಸರು ಇಪ್ಪತ್ತೇ ವರ್ಷಗಳಲ್ಲಿ ಅಕ್ಷರಶಃ ನಿಜವಾಯಿತು.

ತುಕ್ಕು ಶಿಲೀಂಧ್ರಗಳ ವರ್ಗದಲ್ಲಿ ಏಳು ಸಾವಿರಕ್ಕೂ ಮಿಕ್ಕ ಜಾತಿಗಳುಂಟು. ಸತ್ತ ವಸ್ತುವಿನ ಮೇಲೆ ಹಬ್ಬುವ ಬೂಷ್ಟಿನಂತಲ್ಲದೆ ಇವು ಜೀವಂತ ಸಸ್ಯವನ್ನೇ ಆಶ್ರಯಿಸಿ, ಅದನ್ನು ಒಮ್ಮೆಗೇ ಕೊಲ್ಲದೆ, ಅದರ ಜೀವಕೋಶಗಳೊಳಕ್ಕೆ ಹೀರುಕೊಂಬುಗಳನ್ನು ಚಾಚಿ ಬಾಳುವ ಪರಾವಲಂಬಿಗಳು. ಗೋದಿಯ ತುಕ್ಕು ಇವುಗಳಲ್ಲಿ ಅತಿ ಪ್ರಾಚೀನವಾಗಿ ತಿಳಿದದ್ದು. ರೋಮನರು ಏಪ್ರಿಲ್ 25ರಂದು ರೊಬಿಗಸ್ ಎಂಬ ತುಕ್ಕಿನ ದೇವತೆಗೆ ನಾಯಿಯನ್ನು ಬಲಿಗೊಟ್ಟು ಪೈರನ್ನು ಕಾಯೆಂದು ಬೇಡುತ್ತಿದ್ದರು. ನಮ್ಮ ಉತ್ತರದ ಜಿಲ್ಲೆಗಳ ರೈತರು ಗೋದಿಯ ತುಕ್ಕನ್ನು ಭಂಡಾರ ರೋಗವೆಂದು ಕರೆಯುವುದುಂಟು. ಎಲೆ ಸವರಿದ ಕೈಗೆ ಅರಿಸಿನದ ಹುಡಿ ಮೆತ್ತಿದಂತಾಗುವುದನ್ನು ನೋಡಿದವರಿಗೆ ಈ ಹೆಸರನ್ನು ವಿವರಿಸಬೇಕಾಗಿಲ್ಲ. ಈ ಹುಡಿ ಪೈರಿನ ಮೈಬೆವರಲ್ಲ, ಬೇರೊಂದು ಜೀವಿಯೆಂಬುದನ್ನು 1767ರಲ್ಲಿ ಇಟಲಿಯ ಫೆಲಿಚೆ ಫೊಂಟಾನ ಸೂಕ್ಷ್ಮದರ್ಶಕದಿಂದ ಕಂಡು ಬರೆದನು. ಗೋದಿಯ ಕಾಂಡದ ತುಕ್ಕು ತನ್ನ ಆಯುಷ್ಯದ ಒಂದು ಭಾಗವನ್ನು ಬಾರ್ಬೆರಿ ಎಂಬ ಮುಳ್ಳುಪೊದೆಯ ಮೇಲೆ ಕಳೆಯುವುದೆಂದು 1865ರಲ್ಲಿ ಜರ್ಮನಿಯ ಆಂಟನ್ ಡಿ ಬಾರಿ ಸಾಧಿಸಿ ತೋರಿಸಿದನು. ಕಾಫಿಯ ತುಕ್ಕಿಗೂ ಇಂಥ ಎರಡನೆಯ ಆಶ್ರಯ ಸಸ್ಯವೊಂದು ಇರಬೇಕೆಂದು ವಿಜ್ಞಾನಿಗಳು ಒಂದು ಶತಮಾನಕ್ಕೂ ಹೆಚ್ಚು ಕಾಲ ಅರಸಿದ್ದಾರೆ, ಇದುವರೆಗೆ ದೊರೆತಿಲ್ಲ. ಗೋದಿಯ ರೈತ ಬಾರ್ಬೆರಿಯನ್ನು ಕಡಿದು ಒಂದಿಷ್ಟು ನೆಮ್ಮದಿ ಪಡೆಯಬಹುದಾಗಿತ್ತು. ಕಾಫಿಯವನಿಗೆ ಕಡಿಯಲು ಕಾಫಿಯ ಹೊರತು ಬೇರೊಂದು ಗಿಡವಿರಲಿಲ್ಲ.

ರೋಗದ ನಡೆ ಸರಳವಾದರೂ ಜಾಣತನದ್ದು. ಗಾಳಿ, ಮಳೆಹನಿ, ಕೂಲಿಯಾಳಿನ ಬಟ್ಟೆ, ಯಾವುದರ ಮೂಲಕವಾದರೂ ಎಲೆಯ ತಳಭಾಗವನ್ನು ಮುಟ್ಟಿದ ಬೀಜಾಣು ಅಲ್ಲಿ ನೀರಿನ ತೆಳುಪೊರೆಯಿದ್ದು ಹವೆ ಹಿತವಾಗಿದ್ದರೆ ಕೆಲವೇ ಗಂಟೆಗಳಲ್ಲಿ ಮೊಳೆಯುತ್ತದೆ. ಮೊಳಕೆ ಸಿಪ್ಪೆಯನ್ನು ಕೊರೆಯುವ ಶ್ರಮವನ್ನೇ ಪಡದೆ, ಎಲೆ ಉಸಿರಾಡಲೆಂದು ತೆರೆದಿಟ್ಟ ಪತ್ರರಂಧ್ರದ ಮೂಲಕ ಒಳಹೊಗುತ್ತದೆ. ಎಲೆಯ ಮೇಲ್ಭಾಗದಲ್ಲಿ ಇಂಥ ರಂಧ್ರಗಳಿಲ್ಲದುದರಿಂದ ಅಲ್ಲಿ ಬಿದ್ದ ಬೀಜಾಣು ವ್ಯರ್ಥ. ಒಳಗೆ ಸೇರಿದ ಮೇಲೆ ಮೂರರಿಂದ ಐದಾರು ವಾರಗಳವರೆಗೆ ಹೊರಗೆ ಯಾವ ಕುರುಹೂ ಕಾಣುವುದಿಲ್ಲ. ಬಳಿಕ ಎಣ್ಣೆ ತಾಗಿದಂಥ ಸಣ್ಣ ಹಳದಿ ಮಚ್ಚೆ, ಆಮೇಲೆ ಅದರಡಿಯಲ್ಲಿ ಕಿತ್ತಳೆಯ ಹುಡಿ. ಇತರ ತುಕ್ಕುಗಳು ಎಲೆಯ ಹೊರಚರ್ಮವನ್ನು ಹರಿದು ಬೀಜಾಣುಗಳನ್ನು ಚೆಲ್ಲುವುವು. ಇದಾದರೋ ತಾನು ಬಂದ ಬಾಗಿಲಿನಿಂದಲೇ, ಅದೇ ರಂಧ್ರಗಳಿಂದ, ಹೂಗೊಂಚಲಿನಂತೆ ಬೀಜಾಣುಗಳನ್ನು ಹೊರದೂಡುತ್ತದೆ. ಒಂದು ಮಚ್ಚೆಯಿಂದ ಲಕ್ಷಕ್ಕೂ ಮೀರಿ ಬೀಜಾಣುಗಳು ಹೊರಡಬಲ್ಲವು. ಗಿಡ ಸಾಯುವುದು ಅಪರೂಪ. ಆದರೆ ಅರಾಬಿಕಾ ಕಾಫಿ ಫಲ ಬಿಡುವುದು ಹಿಂದಿನ ವರ್ಷ ಬೆಳೆದ ರೆಂಬೆಯ ಮೇಲಾದುದರಿಂದ, ಈ ವರ್ಷ ಎಲೆ ಕಳೆದುಕೊಂಡ ಗಿಡ ಬರುವ ವರ್ಷದ ಫಸಲನ್ನು ಕಳೆದುಕೊಂಡಂತೆಯೇ. ನಷ್ಟ ಹೀಗೆ ಒಂದು ವರ್ಷ ತಡವಾಗಿ ಬಂದು ಲೆಕ್ಕಕ್ಕೆ ಸೇರುವುದರಿಂದಲೇ ಮೊದಮೊದಲು ತೋಟಗಾರರು ಇದನ್ನು ಹಗುರವಾಗಿ ಕಂಡರು.

ರೋಗದ ತವರು ಆಫ್ರಿಕವೆಂಬುದು ಸರ್ವಸಮ್ಮತ. 1861ರಲ್ಲಿ ವಿಕ್ಟೋರಿಯಾ ಸರೋವರದ ಪ್ರಾಂತದ ಕಾಡುಕಾಫಿಯ ಮೇಲೆ ಅದನ್ನು ಕಂಡ ವರದಿಯಿದೆ. ಕಾಫಿಯಾದರೋ ಅದಕ್ಕೆ ಬಹು ಮೊದಲೇ ಆಫ್ರಿಕದಿಂದ ಅರೇಬಿಯಕ್ಕೂ, ಅಲ್ಲಿಂದ ಕೆಲವೇ ಬೀಜಗಳ ರೂಪದಲ್ಲಿ ಏಷ್ಯಕ್ಕೂ ಅಮೆರಿಕಕ್ಕೂ ಸಾಗಿತ್ತು. ಬಾಬಾಬುಡನ್ ಏಳು ಬೀಜಗಳನ್ನು ಚಂದ್ರದ್ರೋಣ ಪರ್ವತಕ್ಕೆ ತಂದನೆಂಬ ಐತಿಹ್ಯ ಎಲ್ಲರಿಗೂ ಗೊತ್ತಿರುವುದೇ. ಬೀಜ ಬಂದಾಗ ರೋಗ ಬರಲಿಲ್ಲ. ಗಿಡವು ತನ್ನ ಶತ್ರುವನ್ನು ಹಿಂದೆ ಬಿಟ್ಟು ಓಡಿ ಬಂದು, ಒಂದೇ ರಕ್ತದ ಸಂತತಿಯಾಗಿ ಬೆಟ್ಟ ಬೆಟ್ಟಗಳನ್ನು ತುಂಬಿಕೊಂಡು, ಶತ್ರುವಿನ ಸುಳಿವನ್ನೇ ಮರೆತು ಬಾಳುತ್ತಿದ್ದ ಹೊತ್ತಿಗೆ, 1869ರಲ್ಲಿ, ಸಿಂಹಳದ ಒಂದು ತೋಟದಲ್ಲಿ ಆ ಶತ್ರು ಕಾಣಿಸಿಕೊಂಡಿತು. ಪೆರಾದೆನಿಯ ಸಸ್ಯೋದ್ಯಾನದ ನಿರ್ದೇಶಕ ಥ್ವೈಟ್ಸ್ ರೋಗಿಷ್ಠ ಎಲೆಗಳನ್ನು ಇಂಗ್ಲೆಂಡಿಗೆ ಕಳುಹಿಸಲು, ಶಿಲೀಂಧ್ರಶಾಸ್ತ್ರದ ಆಚಾರ್ಯಪುರುಷನಾದ ರೆವರೆಂಡ್ ಬರ್ಕ್ಲೆ ಅದೇ ವರ್ಷದ ನವೆಂಬರಿನಲ್ಲಿ ಅದನ್ನು ಹೊಸ ಕುಲವೆಂದು ವರ್ಣಿಸಿ ನಾಮಕರಣ ಮಾಡಿದನು.

ಸಿಂಹಳದ ತೋಟಗಾರರು ಆಗ ಮಾಡಿದ ಕೆಲಸ ಇಂದು ಓದುವವರಿಗೆ ವಿಚಿತ್ರವಾಗಿ ತೋರುವುದು. ಎಕರೆಯ ಇಳುವರಿ ಕುಗ್ಗುತ್ತ ಬಂದಿತು. ಆದರೆ ಅದೇ ಕಾಲಕ್ಕೆ ಪೇಟೆಯಲ್ಲಿ ಕಾಫಿಯ ಧಾರಣೆ ಏರಿತಾದುದರಿಂದ ಅವರು ಡಿಂಬುಲ, ಮಸ್ಕೇಲಿಯ ಮುಂತಾದ ಎತ್ತರದ ಕಾಡುಗಳನ್ನು ಕಡಿದು ಇನ್ನಷ್ಟು ಕಾಫಿಯನ್ನೇ ನೆಟ್ಟರು. ಹಳೆಯ ತೋಟದ ಸೋಲನ್ನು ಹೊಸ ತೋಟ ಮುಚ್ಚಿತು. ಅದರೊಡನೆ ಶಿಲೀಂಧ್ರಕ್ಕೆ ಹೊಸ ಉಣಿಸೂ ಒದಗಿತು. ರೋಗ ಹತ್ತಿದ ಮೇಲೆ ಹತ್ತು ವರ್ಷಗಳವರೆಗೆ ಕಾಫಿಯ ವಿಸ್ತೀರ್ಣ ಹೆಚ್ಚುತ್ತಲೇ ಇದ್ದುದು ಇದೇ ಕಾರಣದಿಂದ.

1880ರಲ್ಲಿ ಸಿಂಹಳ ಸರಕಾರ ಹ್ಯಾರಿ ಮಾರ್ಷಲ್ ವಾರ್ಡ್ ಎಂಬ ತರುಣ ವಿಜ್ಞಾನಿಯನ್ನು ಕರೆಸಿ ರೋಗದ ತನಿಖೆಗೆ ನೇಮಿಸಿತು. ಎರಡು ವರ್ಷಗಳಲ್ಲಿ ಅವನು ನಡೆಸಿದ ಕೆಲಸ ಸಸ್ಯರೋಗ ವಿಜ್ಞಾನದಲ್ಲಿ ಮೇಲ್ಪಂಕ್ತಿಯಾಗಿ ಉಳಿದಿದೆ. ಗ್ಲಿಸರಿನ್ ಸವರಿದ ಗಾಜಿನ ಪಟ್ಟಿಗಳನ್ನು ತೋಟದಲ್ಲಿ ಕಟ್ಟಿ, ಅವುಗಳಿಗೆ ಅಂಟಿದ ಬೀಜಾಣುಗಳನ್ನು ಎಣಿಸಿ, ರೋಗ ಹರಡುವುದು ಗಾಳಿಯಿಂದಲೆಂದು ತೋರಿಸಿದನು. ಎಲೆಯ ಮೇಲೆ ಬೀಜಾಣುಗಳನ್ನು ಬಿತ್ತಿ, ಅವು ರಂಧ್ರದೊಳಕ್ಕೆ ಇಳಿಯುವುದನ್ನು ಕಣ್ಣಾರೆ ಕಂಡು, ರೋಗಕ್ಕೆ ಮಣ್ಣಿನ ದೋಷವಾಗಲಿ ಗಿಡದ ಮುಪ್ಪಾಗಲಿ ಕಾರಣವಲ್ಲವೆಂದು ನಿರ್ಣಯಿಸಿದನು. ಒಮ್ಮೆ ಒಳಹೊಕ್ಕ ಶಿಲೀಂಧ್ರವನ್ನು ಹೊರಗಿನ ಯಾವ ಔಷಧವೂ ಮುಟ್ಟಲಾರದಾದುದರಿಂದ, ಮದ್ದನ್ನು ಹಾಕುವುದಾದರೆ ಬೀಜಾಣು ಮೊಳೆಯುವುದಕ್ಕೆ ಮುಂಚೆಯೇ ಎಲೆಯ ಮೇಲಿರಬೇಕೆಂದನು. ಮೈಲುಗಟ್ಟಲೆ ಅಡೆತಡೆಯಿಲ್ಲದೆ ಒಂದೇ ಗಿಡವನ್ನು ಬೆಳೆದದ್ದೇ ವಿಪತ್ತಿನ ಮೂಲವೆಂದೂ, ತೋಟಗಳ ನಡುವೆ ಗಾಳಿತಡೆಯಾಗಿ ಮರಗಳ ಸಾಲು ಬೇಕೆಂದೂ ಅವನು ಹೇಳಿದ ಮಾತು ಸಿಂಹಳದಲ್ಲಿ ಕೆಲಸಕ್ಕೆ ಬರುವ ಹೊತ್ತು ಮೀರಿಹೋಗಿತ್ತು. ತೋಟಗಾರರಿಗೆ ಬೇಕಾದದ್ದು ಮದ್ದು. ಅವನು ಕೊಟ್ಟದ್ದು ಕಾರಣ. 1884ರಲ್ಲಿ ತೋಟಗಳಿಗೆ ಸಾಲ ಕೊಟ್ಟಿದ್ದ ಓರಿಯೆಂಟಲ್ ಬ್ಯಾಂಕು ಮುಳುಗಿತು. 1870ರ ಸುಮಾರಿಗೆ ವರ್ಷಕ್ಕೆ 10 ಕೋಟಿ ಪೌಂಡು ತೂಕದಷ್ಟಿದ್ದ ಕಾಫಿ 1889ರ ಹೊತ್ತಿಗೆ 50 ಲಕ್ಷದ ಆಸುಪಾಸಿಗೆ ಇಳಿಯಿತು.

ಕಾಫಿಯಿದ್ದ ನೆಲದಲ್ಲಿ ಮೊದಲು ಸಿಂಕೋನವೂ ಅನಂತರ ಚಹಾವೂ ಬಂದವು. ಕಾಫಿಯ ಕೊಯ್ಲಿಗೆಂದು ತಮಿಳು ನಾಡಿನಿಂದ ನಡೆದು ಬಂದು ಹಂಗಾಮು ಮುಗಿದೊಡನೆ ಊರಿಗೆ ಹಿಂದಿರುಗುತ್ತಿದ್ದ ಕೂಲಿಗಳು, ವರ್ಷವಿಡೀ ಚಿಗುರು ಕೀಳಬೇಕಾದ ಚಹಾ ಬಂದ ಮೇಲೆ ಅಲ್ಲಿಯೇ ನೆಲೆಸುವಂತಾದರು. ಎಲೆಯೊಂದರ ರೋಗ ಒಂದು ದೇಶದ ಜನವಸತಿಯನ್ನೇ ಬದಲಿಸಿದ ಸಂಗತಿಯಿದು. ಈ ರೋಗದ ದೆಸೆಯಿಂದಲೇ ಇಂಗ್ಲೆಂಡಿನವರು ಕಾಫಿ ಬಿಟ್ಟು ಚಹಾ ಹಿಡಿದರೆಂಬ ಮಾತು ಪುಸ್ತಕದಿಂದ ಪುಸ್ತಕಕ್ಕೆ ಹರಿದು ಬಂದಿದೆಯಾದರೂ ಅದು ನಿಲ್ಲತಕ್ಕುದಲ್ಲ: ಅವರಿಗೆ ಚಹಾದ ರುಚಿ ಹತ್ತಿದ್ದು ಹದಿನೆಂಟನೆಯ ಶತಮಾನದಲ್ಲಿಯೇ.

ಮೈಸೂರು, ಕೊಡಗು ಸೀಮೆಗಳಿಗೆ ತುಕ್ಕು ತಲಪಲು ವರ್ಷವೂ ಹಿಡಿಯಲಿಲ್ಲ. ಕಾಂಡಕೊರೆಯುವ ಹುಳು, ತೋಟಗಾರರು ಇಂದಿಗೂ ಬೋರರ್ ಎನ್ನುವುದು, ಆಗಲೇ ತೋಟಗಳನ್ನು ತಿಂದುಹಾಕುತ್ತಿತ್ತು. ಅದರ ಹಾವಳಿಯನ್ನು ಕುರಿತು ಡಾಕ್ಟರ್ ಬಿಡಿ ಬರೆದ ವರದಿ 1869ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಎರಡು ಪೀಡೆಗಳ ನಡುವೆ ಸಿಕ್ಕಿ ಚಿಕ್ ಎಂದು ಹೆಸರಾಗಿದ್ದ ಹಳೆಯ ತಳಿ ಅಳಿಯಿತು. ಆದರೂ ಇಲ್ಲಿ ಕಾಫಿ ಸಿಂಹಳದಂತೆ ನಿರ್ನಾಮವಾಗಲಿಲ್ಲ. ಡಿಸೆಂಬರಿನಿಂದ ಮಾರ್ಚಿಯವರೆಗಿನ ನಮ್ಮ ಒಣಹವೆ ಶಿಲೀಂಧ್ರದ ಸರಪಣಿಯನ್ನು ವರ್ಷಕ್ಕೊಮ್ಮೆ ಸಡಿಲಿಸುವುದು ಒಂದು ಕಾರಣ; ಅತ್ತಿ, ಬಸರಿ, ಹಾಲುವಾಣಗಳ ನೆರಳಿನಲ್ಲಿ ಕಾಫಿ ಬೆಳೆಯುವ ಪದ್ಧತಿ ಇನ್ನೊಂದು ಕಾರಣವೆಂದು ಹೇಳಬಹುದು. ನೆರಳಿನಡಿ ಎಲೆ ಹೆಚ್ಚು ಹೊತ್ತು ಒದ್ದೆಯಾಗಿರುವುದು ರೋಗಕ್ಕೆ ಅನುಕೂಲವೇ. ಆದರೆ ಬಿಸಿಲಿಗೆ ಸಿಕ್ಕಿ ಶಕ್ತಿಮೀರಿ ಫಲ ಹೊತ್ತ ಗಿಡವೇ ತುಕ್ಕಿಗೆ ಮೊದಲು ಬಲಿಯಾಗುವುದಾದುದರಿಂದ, ಫಸಲನ್ನು ಹದದಲ್ಲಿಡುವ ನೆರಳು ಒಟ್ಟಿನಲ್ಲಿ ಮೇಲನ್ನೇ ಮಾಡುತ್ತದೆ. ಮಳೆಗಾಲಕ್ಕೆ ಮುಂಚೆ ಮರಗಸಿ ಮಾಡಿಸಿ ಬೆಳಕು ಗಾಳಿ ಆಡುವಂತೆ ಬಿಡುವ ಮಲೆನಾಡಿನ ಕ್ರಮ ಈ ಎರಡರ ನಡುವಿನ ಜಾಣ ಒಪ್ಪಂದ.

1911ರಲ್ಲಿ ಮೈಸೂರು ಸೀಮೆಯ ಕೆಂಟ್ ಎಂಬ ತೋಟಗಾರ ತನ್ನ ತೋಟದ ಗಿಡಗಳಲ್ಲಿ ತುಕ್ಕು ತಾಗದೆ ಹಸುರಾಗಿ ನಿಂತ ಒಂದನ್ನು ಗುರುತಿಸಿ ಅದರ ಬೀಜವನ್ನು ಬೆಳೆಸಿದನು. ಕೆಂಟ್ಸ್ ತಳಿ ಕೆಲವೇ ವರ್ಷಗಳಲ್ಲಿ ನಾಡೆಲ್ಲ ಹಬ್ಬಿತು. ಹಬ್ಬಿ ಹತ್ತು ವರ್ಷ ಕಳೆಯುವುದರೊಳಗೆ ಅದಕ್ಕೂ ತುಕ್ಕು ಹಿಡಿಯಿತು. ಗಿಡ ಬದಲಾಗಿರಲಿಲ್ಲ. ಹಾಗಾದರೆ ಬದಲಾದದ್ದು ಯಾವುದು? ಉತ್ತರ ಬಂದುದು ಬಾಳೆಹೊನ್ನೂರಿನಿಂದ. ಕೆನಡದಿಂದ ಬಂದು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯನ್ನು ಕಟ್ಟಿದ ಲೆಸ್ಲಿ ಕೋಲ್ಮನ್ ಅವರ ಕಾಲದಲ್ಲಿ, 1925ರಲ್ಲಿ, ಅಲ್ಲಿ ಕಾಫಿ ಪ್ರಯೋಗ ಕೇಂದ್ರ ಆರಂಭವಾಯಿತು. ಅಲ್ಲಿದ್ದ ವಿಲ್ಸನ್ ಮೇನ್, ಹೊರನೋಟಕ್ಕೆ ಒಂದೇ ಆಗಿ ಕಾಣುವ ಈ ಶಿಲೀಂಧ್ರದಲ್ಲಿ ಬೇರೆಬೇರೆ ತಳಿಗಳ ಮೇಲೆ ಬೇರೆಬೇರೆ ಪ್ರಭಾವವುಳ್ಳ ಒಳಪ್ರಭೇದಗಳಿವೆಯೆಂದು 1932ರಲ್ಲಿ ಪ್ರಕಟಿಸಿದರು. ಕೆಂಟ್ಸ್ ಗೆದ್ದದ್ದು ಒಂದು ಪ್ರಭೇದವನ್ನು. ಅದನ್ನು ಸೋಲಿಸಿದ್ದು ಮತ್ತೊಂದು. ಕಾಫಿ ಲೋಕದಲ್ಲಿ ಈ ಸತ್ಯವನ್ನು ಮೊದಲು ಕಂಡದ್ದು ಭದ್ರಾ ನದಿಯ ದಂಡೆಯ ಈ ಪುಟ್ಟ ಊರು ಎಂಬುದನ್ನು ನಾವು ಸಾಕಷ್ಟು ನೆನೆಯುವುದಿಲ್ಲ.

ಅಂದಿನಿಂದ ತಳಿ ಸಂವರ್ಧನೆಯ ದಾರಿ ಬೇರೆಯಾಯಿತು. ಅರಾಬಿಕಾ ಮತ್ತು ಲೈಬೀರಿಕಾ ಕಾಫಿಗಳು ತಾವಾಗಿ ಕೂಡಿ ಹುಟ್ಟಿದ ಒಂದು ಗಿಡದ ಸಂತತಿಯಿಂದ ಎಸ್. 288 ಎಂಬ ತಳಿಯನ್ನು ಪಡೆದು, ಅದನ್ನು ಕೆಂಟ್ಸಿನೊಡನೆ ಕೂಡಿಸಿ, 1940ರ ದಶಕದಲ್ಲಿ ಬಾಳೆಹೊನ್ನೂರು ಎಸ್. 795 ತಳಿಯನ್ನು ತೋಟಗಾರರ ಕೈಗಿತ್ತಿತು. ಲೈಬೀರಿಕಾದಿಂದ ಬಂದ ಅದರ ನಿರೋಧಕ ವಂಶವಾಹಿಯನ್ನು ಪ್ರಪಂಚದ ತಜ್ಞರು ಎಸ್‌ಎಚ್ 3 ಎಂದು ಗುರುತಿಸುತ್ತಾರೆ.

ಮದ್ದಿನ ಕಥೆ ಸಮಾಂತರವಾಗಿ ನಡೆಯಿತು. ಮೈಲುತುತ್ತ ಮತ್ತು ಸುಣ್ಣಗಳ ಬೋರ್ಡೋ ದ್ರಾವಣವನ್ನು ಫ್ರಾನ್ಸಿನ ಮಿಲಾರ್ಡೆ 1885ರಲ್ಲಿ ದ್ರಾಕ್ಷಿಯ ರೋಗಕ್ಕೆಂದು ಲೋಕಕ್ಕೆ ತಿಳಿಸಿದನು. ವಾರ್ಡ್ ಸಿಂಹಳವನ್ನು ಬಿಟ್ಟು ಮೂರು ವರ್ಷ ಕಳೆದಿತ್ತು. ಕೋಲ್ಮನ್ ಅದನ್ನು ಅಡಕೆಯ ಕೊಳೆರೋಗಕ್ಕೆ ಪ್ರಯೋಗಿಸಿ ಮಲೆನಾಡಿಗೆ ಪರಿಚಯಿಸಿದರು. ಕಾಫಿಗೆ ಅದನ್ನು ಯಾವಾಗ ಹೊಡೆಯಬೇಕೆಂಬುದನ್ನು ಮೇನ್ ಮತ್ತು ಅವರ ಸಹೋದ್ಯೋಗಿಗಳು ನಿಷ್ಕರ್ಷಿಸಿದರು. ನೂರಕ್ಕೆ ಅರ್ಧ ಪಾಲಿನ ದ್ರಾವಣಕ್ಕೆ 200 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ತುತ್ತದ ನೀರನ್ನು ಸುಣ್ಣದ ತಿಳಿಗೆ ನಿಧಾನವಾಗಿ ಸುರಿಯಬೇಕು; ಕಬ್ಬಿಣದ ಪಾತ್ರೆ ಕೂಡದು; ಹರಿತವಾದ ಚಾಕುವನ್ನು ಅದ್ದಿ ತೆಗೆದಾಗ ಅಲಗಿನ ಮೇಲೆ ತಾಮ್ರದ ಕೆಂಪು ಕಂಡರೆ ಸುಣ್ಣ ಸಾಲದೆಂದು ತಿಳಿಯಬೇಕು; ಕಲಸಿದ ದಿನವೇ ಹೊಡೆದು ಮುಗಿಸಬೇಕು. ಮೇ-ಜೂನಿನಲ್ಲಿ ಮುಂಗಾರು ಹಿಡಿಯುವುದಕ್ಕೆ ಮೊದಲೊಮ್ಮೆ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಮಳೆ ಬಿಟ್ಟಾಗ ಇನ್ನೊಮ್ಮೆ; ಪಿಚಕಾರಿಯ ಮೂತಿ ಎಲೆಯ ಅಡಿಗೆ ತಿರುಗಿರಬೇಕು. ಮೇಲ್ಭಾಗಕ್ಕೆ ಹೊಡೆದ ದ್ರಾವಣ ಕಣ್ಣಿಗೆ ನೀಲಿಯಾಗಿ ಚೆಂದ, ರೋಗಕ್ಕೆ ನಿಷ್ಪ್ರಯೋಜಕ. ಆಳುಗಳ ಅವಸರದಲ್ಲಿ ಹೀಗಾಗುವುದೇ ಹೆಚ್ಚು. ಎಲೆಯೊಳಕ್ಕೆ ಇಳಿದು ಕೆಲಸ ಮಾಡುವ ಹೆಕ್ಸಕೊನಜೋಲ್, ಪ್ರೊಪಿಕೊನಜೋಲ್ ಮುಂತಾದ ಅಂತರ್ವ್ಯಾಪಿ ಔಷಧಗಳು ತೀರ ಈಚಿನವು. ಹೊಕ್ಕ ಶಿಲೀಂಧ್ರವನ್ನು ಮುಟ್ಟಲಾಗದೆಂಬ ವಾರ್ಡನ ಕಾಲದ ಮಿತಿಯನ್ನು ದಾಟಿದ್ದು ಇವು. ಈ ಮದ್ದುಗಳಲ್ಲದೆ, ತುಕ್ಕಿನ ಮೇಲೆಯೇ ಬೆಳೆದು ಅದನ್ನು ತಿನ್ನುವ ಬಿಳಿಯ ಶಿಲೀಂಧ್ರವೊಂದು ತೋಟಗಳಲ್ಲಿ ಸಹಜವಾಗಿಯೇ ಉಂಟು.

ಸಿಂಹಳದ ಬಳಿಕ ರೋಗ ಜಾವಾ, ಸುಮಾತ್ರಗಳನ್ನು ಹಿಡಿದು ಅಲ್ಲಿ ಅರಾಬಿಕಾದ ಸ್ಥಾನವನ್ನು ಬಹುಮಟ್ಟಿಗೆ ರೊಬಸ್ಟಕ್ಕೆ ಬಿಡಿಸಿತು. ಅಮೆರಿಕ ಖಂಡಗಳು ನೂರು ವರ್ಷ ಸುರಕ್ಷಿತವಾಗಿದ್ದವು. 1970ರ ಜನವರಿಯಲ್ಲಿ ಬ್ರೆಜಿಲಿನ ಬಹಿಯ ಪ್ರಾಂತದಲ್ಲಿ ಕಿತ್ತಳೆಯ ಹುಡಿ ಕಂಡಿತು. ಇದನ್ನು ನಿರೀಕ್ಷಿಸಿಯೇ ಪೋರ್ಚುಗಲ್ಲಿನ ಓಯೈರಾಸ್‌ನಲ್ಲಿ, ಕಾಫಿ ಬೆಳೆಯದ ನೆಲವಾದುದರಿಂದ ಸೋಂಕಿನ ಭಯವಿಲ್ಲದೆ, 1955ರಲ್ಲಿ ಸ್ಥಾಪಿಸಿದ ಕೇಂದ್ರವೊಂದು ಲೋಕದೆಲ್ಲೆಡೆಯ ತುಕ್ಕುಗಳನ್ನು ತರಿಸಿ ಪರೀಕ್ಷಿಸುತ್ತಿತ್ತು; ಐವತ್ತಕ್ಕೂ ಹೆಚ್ಚು ಒಳಪ್ರಭೇದಗಳನ್ನು ಅದು ಗುರುತಿಸಿದೆ. ತಿಮೋರ್ ದ್ವೀಪದಲ್ಲಿ ಅರಾಬಿಕಾ ರೊಬಸ್ಟಗಳು ತಾವಾಗಿ ಕೂಡಿ ಹುಟ್ಟಿದ ಗಿಡದ ಸಂತತಿಯೇ ಆಮೇಲಿನ ಬಹುಪಾಲು ನಿರೋಧಕ ತಳಿಗಳಿಗೆ ತಾಯಿ. ನಮ್ಮಲ್ಲಿ 1985ರಲ್ಲಿ ಬಂದ ಗಿಡ್ಡ ಜಾತಿಯ ಕಾವೇರಿ ಅದರ ಮೊಮ್ಮಗಳು. ಕೆಂಟ್ಸಿನ ಕಥೆಯೇ ಅದಕ್ಕೂ ಆಯಿತು. 2012-13ರಲ್ಲಿ ಮಧ್ಯ ಅಮೆರಿಕದ ತೋಟಗಳು ಬೋಳಾದವು. 2020ರಲ್ಲಿ, ಅದುವರೆಗೆ ಸಮುದ್ರ ಕಾಪಾಡಿದ್ದ ಹವಾಯಿಗೂ ರೋಗ ಮುಟ್ಟಿತು. 2007ರಲ್ಲಿ ಬಿಡುಗಡೆಯಾದ ಚಂದ್ರಗಿರಿಯೂ ತಿಮೋರಿನ ವಂಶದ್ದೇ. ಎಂಬತ್ತು ವರ್ಷದ ಹಳೆಯ ಎಸ್. 795 ಇಂದಿಗೂ ಚಿಕ್ಕಮಗಳೂರಿನ ಇಳಿಜಾರುಗಳಲ್ಲಿ, ಕೆಳಗಿನ ಎಲೆಗಳಲ್ಲಿ ಒಂದಿಷ್ಟು ತುಕ್ಕನ್ನು ಹೊತ್ತುಕೊಂಡೇ, ಫಲ ಬಿಡುತ್ತಿದೆ.